ಪಾನಗೃಹ ಮತ್ತು ಕಾರ್ಮಿಕ: ಜರ್ಮನಿಯ ಮದ್ಯವರ್ಜನ ಚಳವಳಿ

ಮದ್ಯಪಾನವನ್ನು ಕುರಿತ ಪ್ರಬೋಧನೆ ಸಾಮಾನ್ಯವಾಗಿ ಕುಡಿಯುವವನ ಸಂಕಲ್ಪವನ್ನು ಪ್ರಶ್ನಿಸುತ್ತದೆ. ಅವನು ಹೋಗುವ ಸ್ಥಳವನ್ನು ಕುರಿತು ವಿಚಾರಿಸುವುದಿಲ್ಲ. ಕೈಗಾರಿಕಾ ಯುಗದ ಜರ್ಮನಿಯಲ್ಲಿ ಮದ್ಯವರ್ಜನ ಚಳವಳಿ ಎಡವಿದ್ದು ಬಹುಮಟ್ಟಿಗೆ ಇಲ್ಲಿಯೇ.

ಆರಂಭ ಆಶಾದಾಯಕವಾಗಿತ್ತು. 1840ರ ದಶಕದಲ್ಲಿ ಓಸ್ನಾಬ್ರುಕ್‌ನ ಸೆಲಿಂಗ್, ಮೇಲಣ ಸೈಲೀಷಿಯಾದ ಫಿಟ್ಸೆಕ್ ಮೊದಲಾದ ಕಥೋಲಿಕ ಗುರುಗಳ ಕರೆಗೆ ಓಗೊಟ್ಟು ಜನರು ಗುಂಪುಗುಂಪಾಗಿ ಸಾರಾಯಿ ತ್ಯಜಿಸುವ ಪ್ರತಿಜ್ಞೆ ಸ್ವೀಕರಿಸಿದರು. 1848ರ ಕ್ರಾಂತಿಯ ಅಲ್ಲೋಲಕಲ್ಲೋಲದಲ್ಲಿ ಆ ಉತ್ಸಾಹ ಇಳಿಯಿತು. 1883ರಲ್ಲಿ ಕಾಸೆಲ್‌ನಲ್ಲಿ ಮದ್ಯದ ದುರುಪಯೋಗದ ವಿರುದ್ಧ ಸ್ಥಾಪಿತವಾದ ಸಂಘವು ಮಧ್ಯಮವರ್ಗದ ಸುಶಿಕ್ಷಿತರ ಸಂಘವಾಗಿಯೇ ಉಳಿಯಿತು. ಅದರ ಉಪದೇಶದಲ್ಲಿ ಕಾರ್ಮಿಕನಿಗೆ ಯಜಮಾನನ ಧ್ವನಿ ಕೇಳಿಸಿದ್ದರೆ ಆಶ್ಚರ್ಯವಿಲ್ಲ.

ಆ ಕಾರ್ಮಿಕನ ವಸತಿಯನ್ನು ಗಮನಿಸಬೇಕು. ರೂರ್ ಪ್ರದೇಶದಲ್ಲಿಯೂ ಬರ್ಲಿನ್‌ನಲ್ಲಿಯೂ ಅನೇಕ ಯುವಕರು ಬಾಡಿಗೆಗೆ ಪಡೆಯುತ್ತಿದ್ದುದು ಕೋಣೆಯನ್ನಲ್ಲ, ಬರಿಯ ಹಾಸಿಗೆಯನ್ನು. ಒಬ್ಬನು ಪಾಳಿಗೆ ಹೋದಾಗ ಅದೇ ಹಾಸಿಗೆಯಲ್ಲಿ ಮತ್ತೊಬ್ಬನು ಮಲಗುವುದೂ ಇತ್ತು. ಬೆಂಕಿಯ ಶಾಖ, ದೀಪ, ವೃತ್ತಪತ್ರಿಕೆ, ಕೆಲಸದ ಸುದ್ದಿ, ಒಡನಾಟ ಇವೆಲ್ಲವೂ ದೊರೆಯುತ್ತಿದ್ದುದು ಪಾನಗೃಹದಲ್ಲಿ. 1878ರಿಂದ 1890ರವರೆಗೆ ಸಮಾಜವಾದಿ ಸಭೆಗಳನ್ನು ಕಾನೂನು ನಿಷೇಧಿಸಿದಾಗ, ಪಾನಗೃಹದ ಹಿಂಗೋಣೆಯೇ ಅವುಗಳಿಗೆ ಆಶ್ರಯವಾಯಿತು. ಪಾನಗೃಹವಿಲ್ಲದೆ ಜರ್ಮನ್ ಕಾರ್ಮಿಕನಿಗೆ ರಾಜಕೀಯ ಜೀವನವೇ ಇಲ್ಲವೆಂದು ಕಾರ್ಲ್ ಕೌಟ್ಸ್ಕಿ ವಾದಿಸಿದ್ದು ಈ ಹಿನ್ನೆಲೆಯಲ್ಲಿ. ಅವನ ತತ್ತ್ವವನ್ನು ನಾವು ಒಪ್ಪಬೇಕಾಗಿಲ್ಲ. ಅವನು ಕಂಡ ಸಂಗತಿಯನ್ನು ಅಲ್ಲಗಳೆಯುವಂತಿಲ್ಲ. 1909ರಲ್ಲಿ ಅವನ ಪಕ್ಷವೇ ಲೈಪ್‌ಜಿಗ್ ಅಧಿವೇಶನದಲ್ಲಿ ಸಾರಾಯಿ ಬಹಿಷ್ಕಾರಕ್ಕೆ ಕರೆಕೊಟ್ಟಿತು. ಆದರೆ ಅದರ ಗುರಿ ಹೊಸ ತೆರಿಗೆ ಮತ್ತು ಆಲೂಗಡ್ಡೆಯಿಂದ ಸಾರಾಯಿ ಬಟ್ಟಿಯಿಳಿಸುತ್ತಿದ್ದ ಪೂರ್ವ ಪ್ರಷ್ಯದ ಕಡೆಯ ಭೂಮಾಲೀಕರು. ಬಿಯರ್ ಆ ಕರೆಯಿಂದ ಹೊರಗುಳಿಯಿತು.

ದ್ರಾಕ್ಷಾರಸದ ಪಾನವು ತನ್ನಷ್ಟಕ್ಕೆ ನಿಷಿದ್ಧವಲ್ಲವೆಂದು ಸಂತ ತೋಮಾಸ್ ಅಕ್ವಿನಾಸರು ಬೋಧಿಸುತ್ತಾರೆ; ಅಮಲಿನ ದೋಷವನ್ನು ಅಳೆಯುವಾಗ ಕುಡಿದವನ ಅರಿವನ್ನೂ ಇಚ್ಛೆಯನ್ನೂ ನೋಡುತ್ತಾರೆ. ಪಾಪನಿವೇದನೆ ಕೇಳುವ ಗುರುವು 'ಪಾನಗೃಹಕ್ಕೆ ಹೋಗಬೇಡ' ಎಂದಾಗ, ಬಾಡಿಗೆ ಹಾಸಿಗೆಯ ಆ ಗಣಿಗಾರ ಎಲ್ಲಿಗೆ ಹೋಗಬೇಕಾಗಿತ್ತು?

ಇದಕ್ಕೆ ಕಾರ್ಯರೂಪದ ಉತ್ತರವೊಂದನ್ನು ಅಡೋಲ್ಫ್ ಕೋಲ್ಪಿಂಗ್ ಮೊದಲೇ ಕೊಟ್ಟಿದ್ದರು. ಗುರುದೀಕ್ಷೆಗೆ ಮುನ್ನ ಚಮ್ಮಾರರಾಗಿ ದುಡಿದ ಅವರು ಕುಶಲಕರ್ಮಿ ಯುವಕರ ಬಿಡಾರಗಳನ್ನು ಸ್ವತಃ ಕಂಡಿದ್ದರು. 1849ರಲ್ಲಿ ಕೊಲೋನ್‌ನಲ್ಲಿ ಅವರು ಸಂಘ ಕಟ್ಟಿದರು. ಬಳಿಕ ಅದಕ್ಕೊಂದು ಮನೆ ಒದಗಿಸಿದರು. ಅಲ್ಲಿ ಓದು, ಪಾಠ, ಗೆಳೆತನಗಳಿಗೆ ಅವಕಾಶವಿತ್ತು. ಅವರ ಗಮನವಿದ್ದುದು ಕುಶಲಕರ್ಮಿಗಳ ಮೇಲೆ, ಕಾರ್ಖಾನೆಯ ಕೂಲಿಗಳ ಮೇಲಲ್ಲ ಎಂಬುದು ನಿಜ. ಆದರೂ ಪ್ರತಿಜ್ಞಾಪತ್ರಕ್ಕೆ ಸಹಿ ಕೇಳುವ ಮೊದಲು ಅವರು ಕುಳಿತುಕೊಳ್ಳಲು ಒಂದು ಕುರ್ಚಿಯನ್ನು ಕೊಟ್ಟರು.