ಪ್ರವಾಸ: ಪದದ ಅರ್ಥ ಮತ್ತು ಇಲಾಖೆಯ ಕಾರ್ಯ

'ಪ್ರವಾಸ' ಎಂಬುದು ಇಂದು ಎಲ್ಲರ ನಾಲಗೆಯ ಮೇಲಿರುವ ಪದ. ಅದರ ಧಾತ್ವರ್ಥವನ್ನು ವಿಚಾರಿಸುವವರು ವಿರಳ. 'ಯಾತ್ರೆ'ಯ ಮೂಲದಲ್ಲಿರುವುದು 'ಯಾ' ಧಾತು. ಹೋಗುವುದು ಎಂದು ಅದರ ಅರ್ಥ. 'ಸಂಚಾರ'ದ ಮೂಲದಲ್ಲಿರುವುದು 'ಚರ್' ಧಾತು. ಚಲಿಸುವುದು ಎಂದು ಅರ್ಥ. 'ಪ್ರವಾಸ'ದ ಮೂಲದಲ್ಲಿರುವುದಾದರೋ 'ವಸ್' ಧಾತು. ನೆಲಸುವುದು ಎಂದು ಅರ್ಥ. ಸ್ವಗೃಹವನ್ನು ಬಿಟ್ಟು ಪರಸ್ಥಳದಲ್ಲಿ ವಾಸಮಾಡುವುದೇ ಪ್ರವಾಸ. ಹೋಗಿ ನೋಡಿ ಮರಳಿದ ಮಾತ್ರಕ್ಕೆ ಅದು ಯಾತ್ರೆಯಾದೀತು, ಸಂಚಾರವಾದೀತು, ಪ್ರವಾಸವಾಗಲಾರದು. ಈ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು ಸರಕಾರದ ಪ್ರವಾಸೋದ್ಯಮ ಇಲಾಖೆಯ ಕಾರ್ಯವನ್ನೂ ನಮ್ಮ ಸೀಮೆಯ ಸ್ಥಿತಿಯನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಗೋಳಗುಮ್ಮಟದ ಪ್ರವೇಶಪತ್ರ, ತಂಗುವ ಹೋಟೆಲು, ಪ್ರಚಾರದ ಹಸ್ತಪತ್ರ ಇವೆಲ್ಲ ಒಂದೇ ಕಚೇರಿಗೆ ಸೇರಿದವೆಂಬ ಭಾವನೆ ಜನರಲ್ಲುಂಟು. ವಾಸ್ತವದಲ್ಲಿ ಇವು ಮೂರು ಸಂಸ್ಥೆಗಳ ಹೊಣೆ. ಸ್ಮಾರಕದ ರಕ್ಷಣೆ ಕೇಂದ್ರ ಸರಕಾರದ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯದು. ನಾಡಿನ ಸ್ಥಳಗಳನ್ನು ಲೋಕಕ್ಕೆ ಪರಿಚಯಿಸುವುದು, ರಸ್ತೆ ಮೊದಲಾದ ಸೌಕರ್ಯಗಳನ್ನು ಯೋಜಿಸುವುದು ರಾಜ್ಯದ ಪ್ರವಾಸೋದ್ಯಮ ಇಲಾಖೆಯ ಕೆಲಸ. ಕೋಣೆಯನ್ನು ಕಾಯ್ದಿರಿಸಿಕೊಡುವುದು, ಬಸ್ಸಿನಲ್ಲಿ ಆಸನ ಒದಗಿಸುವುದು 1971ರಲ್ಲಿ ಸ್ಥಾಪಿತವಾದ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಕಾರ್ಯ.

ನಿಗಮದ ಪ್ರವಾಸಗಳಲ್ಲಿ ವಾಹನ, ವಸತಿ, ಸ್ಥಳದರ್ಶನ ಒಂದೇ ಶುಲ್ಕದೊಳಗೆ ಅಡಕವಾಗಿರುತ್ತವೆ. ಹಿಂದೆ ಕಚೇರಿಗೆ ಹೋಗಿಯೋ ಪತ್ರ ಬರೆದೋ ಕಾಯ್ದಿರಿಸಬೇಕಾಗಿತ್ತು. ಈಗ ಮನೆಯಲ್ಲಿಯೇ ಕುಳಿತು ಅಂತರ್ಜಾಲದ ಮೂಲಕ ಮಾಡಬಹುದು. ನಿಗಮದ ಹೋಟೆಲುಗಳ ಹೆಸರಿಗೆ 'ಮಯೂರ' ಎಂಬುದು ಆದಿಪದ. ಕನ್ನಡಿಗರಿಗೆ ಅದು ಕದಂಬರ ಮಯೂರಶರ್ಮನನ್ನು ನೆನಪಿಗೆ ತರುತ್ತದೆ. ವಿಜಯಪುರದ ಹೋಟೆಲಿಗೆ 'ಮಯೂರ ಆದಿಲ್‌ಶಾಹಿ' ಎಂದು ಹೆಸರು. ನಾಡಿನ ಎರಡು ಅರಸುಮನೆತನಗಳು ಒಂದೇ ನಾಮಫಲಕದಲ್ಲಿ ಕೂಡಿರುವುದು ಉಚಿತವೇ ಆಗಿದೆ.

ಇಷ್ಟು ವ್ಯವಸ್ಥೆಯಿದ್ದರೂ ನಮ್ಮಲ್ಲಿಗೆ ಬರುವ ಬಹುಜನರು ಬೆಳಗ್ಗೆ ಬಂದು ಸಂಜೆಗೆ ಹೊರಟುಬಿಡುತ್ತಾರೆ. ಇದಕ್ಕೆ ಕಾರಣ ಪ್ರಚಾರದ ರೀತಿಯಲ್ಲಿಯೇ ಇದೆ. ವಿಜಯಪುರವೆಂದೊಡನೆ ಚಿತ್ರದಲ್ಲಿ ಕಾಣಿಸುವುದು ಗೋಳಗುಮ್ಮಟವೊಂದೇ. ಅದರ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರು. ಪಿಸುಮಾತನ್ನೂ ಆಚೆಯ ಅಂಚಿಗೆ ಮುಟ್ಟಿಸುವ ಮೊಗಸಾಲೆ ಅದರೊಳಗುಂಟು. ಅದು ಜಗತ್ತೇ ಮೆಚ್ಚುವ ವಾಸ್ತು, ಸಂದೇಹವಿಲ್ಲ. ಆದರೆ ಪ್ರವಾಸದ ಪಟ್ಟಿ ಚಿತ್ರವನ್ನು ಅನುಸರಿಸುತ್ತದೆ, ಕಾಯ್ದಿರಿಸುವಿಕೆ ಪಟ್ಟಿಯನ್ನು ಅನುಸರಿಸುತ್ತದೆ. ಚಿತ್ರದಲ್ಲಿ ಇಲ್ಲದ್ದು ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿ ಇಲ್ಲದ ಊರಿಗೆ ಅತಿಥಿಯಿಲ್ಲ. ಅತಿಥಿ ಒಂದು ರಾತ್ರಿ ತಂಗಿದರೆ ಟಾಂಗಾದವನಿಗೆ ಬಾಡಿಗೆ, ಖಾನಾವಳಿಯ ರೊಟ್ಟಿಗೆ ಬೆಲೆ, ಒಣದ್ರಾಕ್ಷಿ ಮಾರುವವನಿಗೆ ವ್ಯಾಪಾರ. ಆತ ತಂಗದೆ ಹೋದರೆ ಊರಿಗೆ ಉಳಿಯುವುದು ರಸ್ತೆಯ ಧೂಳು ಮಾತ್ರ.

ತಂಗುವುದಕ್ಕೆ ತಕ್ಕ ಸ್ಥಳಗಳು ನಮ್ಮಲ್ಲಿಲ್ಲವೆ? ನಗರದಿಂದ ಅಥಣಿಯ ಮಾರ್ಗ ಹಿಡಿದರೆ ಮೊದಲು ಸಿಗುವುದು ತೊರವೆ. ಕುಮಾರವಾಲ್ಮೀಕಿಯು ಅಲ್ಲಿಯ ನರಸಿಂಹನ ಸನ್ನಿಧಿಯಲ್ಲಿ ರಾಮಾಯಣವನ್ನು ಕನ್ನಡದಲ್ಲಿ ರಚಿಸಿದನು. ಅಲ್ಲಿಯೇ ಇಮ್ಮಡಿ ಇಬ್ರಾಹಿಮ್ ಆದಿಲ್‌ಶಾಹನು ಸಂಗೀತಪ್ರೇಮದಿಂದ ಕಟ್ಟಿಸಲು ತೊಡಗಿದ ನವರಸಪುರದ ಅವಶೇಷಗಳಿವೆ. ರಾಮಕಥೆಯೂ ನವರಸವೂ ಒಂದೇ ನೆಲದಲ್ಲಿ ಅರಳಿದ ಇಂಥ ಸ್ಥಳಗಳು ಎಷ್ಟಿವೆ? ಮುಂದೆ ತಿಕೋಟಾ, ದ್ರಾಕ್ಷಿಯ ತೋಟಗಳು, ಅದನ್ನು ನೆರಳಿನಲ್ಲಿ ಒಣಗಿಸುವ ಚಪ್ಪರಗಳು ಅಲ್ಲಿ ನೋಡತಕ್ಕವು. 2023ರ ಜನವರಿಯಲ್ಲಿ ಲಿಂಗೈಕ್ಯರಾದ ಜ್ಞಾನಯೋಗಾಶ್ರಮದ ಪೂಜ್ಯ ಸಿದ್ಧೇಶ್ವರ ಸ್ವಾಮಿಗಳ ಜನ್ಮಸ್ಥಳವಾದ ಬಿಜ್ಜರಗಿಯೂ ಇದೇ ತಾಲೂಕಿನಲ್ಲಿದೆ. ಬಬಲೇಶ್ವರ ತಾಲೂಕಿನ ಮಮದಾಪುರದಲ್ಲಿ ಮುಹಮ್ಮದ್ ಆದಿಲ್‌ಶಾಹನ ಕಾಲದ ವಿಶಾಲವಾದ ಕೆರೆಯುಂಟು. ಗೋಳಗುಮ್ಮಟದಡಿಯಲ್ಲಿ ಮಲಗಿರುವವನು ಈ ಅರಸನೇ. ಗುಮ್ಮಟವನ್ನು ಮಾತ್ರ ಕಂಡವನು ಆತನ ವೈಭವವನ್ನು ಕಂಡನು. ಕೆರೆಯನ್ನೂ ಕಂಡವನು ಬರದ ಸೀಮೆಗೆ ನೀರು ಬೇಕೆಂದರಿತ ಆತನ ವಿವೇಕವನ್ನೂ ಕಂಡನು.

ಇವನ್ನು ಇಲಾಖೆಯು ತನ್ನ ಪಟ್ಟಿಗೆ ಸೇರಿಸುವುದು ಅವಶ್ಯ. ಎರಡು ದಿನಗಳ ಪ್ರವಾಸವೊಂದನ್ನು ವಿಜಯಪುರದಿಂದಲೇ ಆರಂಭಿಸಿ ವಿಜಯಪುರದಲ್ಲಿಯೇ ಮುಗಿಸುವುದು ಅಸಾಧ್ಯವೇನಲ್ಲ. ಆದರೆ ಆಸನ, ಕೋಣೆಗಳನ್ನು ಸರಕಾರ ಕಾಯ್ದಿರಿಸಬಲ್ಲುದು. ಆದರವನ್ನು ಕಾಯ್ದಿರಿಸಲು ಬರುವುದಿಲ್ಲ. ಅದು ಊರವರಲ್ಲಿರಬೇಕು. ಹೆಸರು ಕೇಳದೆ ಹಸಿವು ಕೇಳುವ ದಾಸೋಹದ ಪರಂಪರೆಯಲ್ಲಿ ಬೆಳೆದ ನಮಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ವಿದ್ಯಾರ್ಥಿಗಳು ತಮ್ಮ ಊರಿನ ಶಾಸನ, ಕೆರೆ, ಗುಡಿ, ಗುಮ್ಮಟಗಳ ಚರಿತ್ರೆಯನ್ನು ಹಿರಿಯರಿಂದ ಕೇಳಿ, ಗ್ರಂಥಗಳೊಡನೆ ಹೋಲಿಸಿ, ಬರೆದಿಡಲಿ. ಬಂದವರಿಗೆ ಕಟ್ಟುಕತೆ ಹೇಳದೆ ನಿಜವನ್ನು ಹೇಳುವ ಮಾರ್ಗದರ್ಶಕರು ಅವರಲ್ಲಿಂದಲೇ ಮೂಡಿಬರಲಿ. ಹೇಳುವವನಿದ್ದರೆ ಕೇಳುವವನು ನಿಲ್ಲುತ್ತಾನೆ, ನಿಂತವನು ತಂಗುತ್ತಾನೆ. ಆಗ ಪ್ರವಾಸವೆಂಬ ಪದಕ್ಕೆ ನಮ್ಮ ನೆಲದಲ್ಲಿ ಅದರ ನಿಜಾರ್ಥ ಸಲ್ಲುತ್ತದೆ.