ಪ್ರೋಬ್ ಹಿಡಿಯುವ ಕೈ ಪಳಗುವ ಬಗೆ

ಅಲ್ಟ್ರಾಸೌಂಡ್ ಯಂತ್ರದ ಪ್ರೋಬನ್ನು ರೋಗಿಯ ಮೈಮೇಲೆ ಆಡಿಸಿ ಒಳಗಿನ ಅಂಗಗಳ ಚಿತ್ರ ತೆಗೆಯುವುದನ್ನೇ ವೃತ್ತಿ ಮಾಡಿಕೊಂಡವರು ಸೋನೋಗ್ರಾಫರ್‌ಗಳು. ಅಮೆರಿಕದಲ್ಲಿ ಇವರು ವೈದ್ಯರಲ್ಲ, ಬರೀ ಗುಂಡಿ ಒತ್ತುವವರೂ ಅಲ್ಲ. ರೋಗಿಯನ್ನು ಪರೀಕ್ಷಿಸುವವರು ಇವರು. ಇವರು ತೆಗೆದ ಚಿತ್ರಗಳನ್ನು ನೋಡಿ ವರದಿಗೆ ಸಹಿ ಹಾಕುವವರು ರೇಡಿಯಾಲಜಿಸ್ಟ್ ಅಥವಾ ಹೃದ್ರೋಗ ತಜ್ಞರು. ಸಿ.ಟಿ. ಸ್ಕ್ಯಾನ್‌ನಲ್ಲಿ ಪರೀಕ್ಷಿಸುವ ಭಾಗ ಪೂರ್ತಿಯಾಗಿ ದಾಖಲಾಗುತ್ತದೆ, ವೈದ್ಯರು ಆಮೇಲೆ ನಿಧಾನವಾಗಿ ಹುಡುಕಬಹುದು. ಅಲ್ಟ್ರಾಸೌಂಡ್‌ನಲ್ಲಿ ಪ್ರೋಬ್ ಹಾಯ್ದ ಕಡೆಯಷ್ಟೇ ಕಾಣುತ್ತದೆ, ಉಳಿಸಿಕೊಂಡ ಚಿತ್ರವಷ್ಟೇ ಉಳಿಯುತ್ತದೆ. ಯಕೃತ್ತಿನ ಮೂಲೆಯಲ್ಲಿದ್ದ ಸಣ್ಣ ಗಂಟನ್ನು ಸೋನೋಗ್ರಾಫರ್ ನೋಡದೆ ದಾಟಿಬಿಟ್ಟರೆ ಅದು ವೈದ್ಯರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ಈ ವೃತ್ತಿಯ ತರಬೇತಿಯಲ್ಲಿ ಪುಸ್ತಕದ ಓದಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಕೈ ಪಳಗಿಸುವುದಕ್ಕೆ ಬೆಲೆ.

ಶಬ್ದದ ಅಲೆಗಳಿಂದ ದೇಹದ ಒಳಗನ್ನು ನೋಡುವ ವಿದ್ಯೆ ವೈದ್ಯಕೀಯದಲ್ಲಿ ಬೇರೂರಿದ್ದು 1950ರ ದಶಕದಲ್ಲಿ. ಸ್ವೀಡನ್‌ನ ಲುಂಡ್‌ನಲ್ಲಿ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ 1953ರಲ್ಲಿ ಹೃದಯದ ಬಡಿತವನ್ನು ಪ್ರತಿಧ್ವನಿಯ ಮೂಲಕ ದಾಖಲಿಸಿದರು. ಗ್ಲಾಸ್ಗೋದ ಪ್ರಸೂತಿ ತಜ್ಞ ಇಯಾನ್ ಡೊನಾಲ್ಡ್ ತಮ್ಮ ಜೊತೆಗಾರರಾದ ಜಾನ್ ಮ್ಯಾಕ್‌ವಿಕರ್ ಮತ್ತು ಎಂಜಿನಿಯರ್ ಟಾಮ್ ಬ್ರೌನ್ ಅವರೊಂದಿಗೆ 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಹೊಟ್ಟೆಯ ಗೆಡ್ಡೆಗಳ ಅಲ್ಟ್ರಾಸೌಂಡ್ ಚಿತ್ರಗಳನ್ನು ಪ್ರಕಟಿಸಿದರು. ಮೊದಮೊದಲು ವೈದ್ಯರ ಪಕ್ಕ ನಿಂತು ಯಂತ್ರ ನಡೆಸುತ್ತಿದ್ದ ಸಹಾಯಕರೇ ಕ್ರಮೇಣ ಈ ಕೆಲಸದಲ್ಲಿ ಪಳಗಿದರು. ಅಮೆರಿಕದಲ್ಲಿ ಅವರ ವೃತ್ತಿಸಂಘ 1970ರಲ್ಲಿ ಹುಟ್ಟಿತು. ಪರೀಕ್ಷೆ ನಡೆಸಿ ಅರ್ಹತೆ ಕೊಡುವ ಎಆರ್‌ಡಿಎಂಎಸ್ ಸಂಸ್ಥೆ 1975ರಲ್ಲಿ ಶುರುವಾಯಿತು.

ಸೇರುವ ದಾರಿ

ಅಮೆರಿಕದಲ್ಲಿ ಈ ವಿದ್ಯೆಗೆ ಮೂರು ಮುಖ್ಯ ದಾರಿಗಳಿವೆ: ಕಮ್ಯುನಿಟಿ ಕಾಲೇಜಿನ ಎರಡು ವರ್ಷದ ಅಸೋಸಿಯೇಟ್ ಪದವಿ, ವಿಶ್ವವಿದ್ಯಾಲಯದ ನಾಲ್ಕು ವರ್ಷದ ಬ್ಯಾಚುಲರ್ ಪದವಿ, ಮತ್ತು ಈಗಾಗಲೇ ಎಕ್ಸ್‌ರೇ ತಂತ್ರಜ್ಞರೋ ನರ್ಸೋ ಆಗಿರುವವರಿಗೆ ಅಥವಾ ಬೇರೆ ಪದವಿ ಪಡೆದವರಿಗೆ ಒಂದು, ಒಂದೂವರೆ ವರ್ಷದ ಸರ್ಟಿಫಿಕೇಟ್ ಕೋರ್ಸ್. ಸಾಮಾನ್ಯವಾಗಿ ಬೀಜಗಣಿತ, ಭೌತಶಾಸ್ತ್ರ, ಅಂಗರಚನೆ ಮತ್ತು ಶರೀರಕ್ರಿಯಾ ವಿಜ್ಞಾನ, ವೈದ್ಯಕೀಯ ಪರಿಭಾಷೆ ಇಷ್ಟನ್ನೂ ಪಾಸು ಮಾಡಿಕೊಂಡೇ ಅರ್ಜಿ ಹಾಕಬೇಕು. ಹೀಗಾಗಿ ಎರಡು ವರ್ಷದ ಕೋರ್ಸ್ ಎಂದು ಹೊರಟವರಿಗೆ ಎಷ್ಟೋ ಸಲ ಮೂರು ವರ್ಷ ಹಿಡಿಯುತ್ತದೆ.

ಸೀಟು ಸಿಗುವುದು ಸುಲಭವಲ್ಲ. ತರಗತಿಯಲ್ಲಿ ಕೂರಲು ಜಾಗವಿದ್ದರೂ, ಪ್ರತಿ ವಿದ್ಯಾರ್ಥಿಗೂ ಆಸ್ಪತ್ರೆಯಲ್ಲಿ ಒಂದು ಯಂತ್ರ ಮತ್ತು ಪಕ್ಕದಲ್ಲಿ ನಿಂತು ಕಲಿಸುವ ಒಬ್ಬ ಅನುಭವಿ ಬೇಕು. ಆ ಅನುಕೂಲ ಇದ್ದಷ್ಟೇ ಮಂದಿಯನ್ನು ಕಾಲೇಜುಗಳು ತೆಗೆದುಕೊಳ್ಳುತ್ತವೆ. ಐ.ಟಿ. ಕೆಲಸಕ್ಕೆ ಹೋದ ಕನ್ನಡಿಗ ಕುಟುಂಬಗಳು ನೆಲೆಸಿರುವ ಕಡೆಗಳಲ್ಲೂ ಇಂಥ ಕಾಲೇಜುಗಳಿವೆ: ಕ್ಯಾಲಿಫೋರ್ನಿಯಾದ ಸಿಲಿಕಾನ್ ಕಣಿವೆಯ ಫುಟ್‌ಹಿಲ್ ಕಾಲೇಜು, ಸಿಯಾಟಲ್ ಪಕ್ಕದ ಬೆಲ್‌ವ್ಯೂ ಕಾಲೇಜು ಎರಡು ಉದಾಹರಣೆ. ಎಲ್ಲಿ ಸೇರಿದರೂ ಮೊದಲು ವಿಚಾರಿಸಬೇಕಾದ್ದು, ಆ ಕೋರ್ಸಿಗೆ ಸಿಎಎಎಚ್‌ಇಪಿ ಎಂಬ ಸಂಸ್ಥೆಯ ಮಾನ್ಯತೆ ಇದೆಯೇ ಎಂಬುದು. ಮಾನ್ಯತೆ ಇದ್ದ ಕೋರ್ಸ್ ಮುಗಿಸಿದವರು ನೇರವಾಗಿ ಅರ್ಹತಾ ಪರೀಕ್ಷೆಗೆ ಕೂರಬಹುದು. ಇಲ್ಲದ ಕಡೆ ಹಣ, ಕಾಲ ಎರಡನ್ನೂ ಕೊಟ್ಟು ಹೊರಬಂದವರು ಪರೀಕ್ಷೆಯ ಬಾಗಿಲಲ್ಲೇ ನಿಲ್ಲಬೇಕಾಗಬಹುದು.

ಶಬ್ದದ ಪಾಠ

ವಿದ್ಯಾರ್ಥಿಗಳು ಎಲ್ಲಕ್ಕಿಂತ ಹೆಚ್ಚು ಅಂಜುವ ವಿಷಯ ಅಲ್ಟ್ರಾಸೌಂಡಿನ ಭೌತಶಾಸ್ತ್ರ. ಮನುಷ್ಯನ ಕಿವಿಗೆ ಕೇಳುವುದು ಸೆಕೆಂಡಿಗೆ ಹೆಚ್ಚೆಂದರೆ 20,000 ಕಂಪನಗಳ ಶಬ್ದ. ರೋಗಪತ್ತೆಯ ಪ್ರೋಬ್ ಹೊರಡಿಸುವುದು ಸಾಮಾನ್ಯವಾಗಿ 20 ಲಕ್ಷದಿಂದ 1.5 ಕೋಟಿ ಕಂಪನಗಳ ಶಬ್ದ. ಪ್ರೋಬಿನೊಳಗಿನ ಪೀಜೋಎಲೆಕ್ಟ್ರಿಕ್ ವಸ್ತು ವಿದ್ಯುತ್ತು ತಗಲಿದಾಗ ಕಂಪಿಸಿ ಶಬ್ದ ಹೊರಡಿಸುತ್ತದೆ, ಮರಳಿ ಬಂದ ಶಬ್ದ ತಾಗಿದಾಗ ವಿದ್ಯುತ್ತು ಹುಟ್ಟಿಸುತ್ತದೆ. ಮೆದು ಅಂಗಾಂಶಗಳಲ್ಲಿ ಶಬ್ದದ ವೇಗ ಸೆಕೆಂಡಿಗೆ 1,540 ಮೀಟರ್ ಎಂದು ಯಂತ್ರ ಲೆಕ್ಕ ಹಿಡಿಯುತ್ತದೆ. ಹಾಗೆ ನೋಡಿದರೆ ಒಂದು ಸೆಂಟಿಮೀಟರ್ ಆಳಕ್ಕೆ ಹೋಗಿಬರಲು 13 ಮೈಕ್ರೋಸೆಕೆಂಡ್. ಪ್ರತಿಧ್ವನಿ ತಡವಾದಷ್ಟೂ ಅದು ಬಂದ ಜಾಗ ಆಳದಲ್ಲಿದೆ ಎಂದರ್ಥ. ಚಿತ್ರ ಮೂಡುವುದು ಈ ಲೆಕ್ಕದಿಂದ.

ಕಂಪನ ಹೆಚ್ಚಿದಷ್ಟೂ ಚಿತ್ರ ಸ್ಪಷ್ಟ, ಆದರೆ ಶಬ್ದ ಆಳಕ್ಕೆ ಇಳಿಯುವುದಿಲ್ಲ. ಚರ್ಮದ ಕೆಳಗೇ ಇರುವ ಥೈರಾಯ್ಡ್‌ಗೆ ಒಂದು ಪ್ರೋಬ್, ಹೊಟ್ಟೆಯ ಆಳದ ಕಿಡ್ನಿಗೆ ಇನ್ನೊಂದು. ಗಾಳಿ ಶಬ್ದವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಹಿಂದಕ್ಕೆ ತಳ್ಳುವುದರಿಂದ ಪ್ರೋಬ್ ಮತ್ತು ಚರ್ಮದ ನಡುವೆ ಜೆಲ್ ಹಚ್ಚಬೇಕು. ಕರುಳಿನಲ್ಲಿ ಗಾಳಿ ತುಂಬಿದ್ದರೆ ಅದರ ಹಿಂದಿನ ಮೇದೋಜೀರಕ ಗ್ರಂಥಿ ಕಾಣುವುದೇ ಕಷ್ಟ. ಯಂತ್ರ ತೋರಿಸಿದ್ದೆಲ್ಲ ನಿಜವಲ್ಲ ಎಂಬುದೂ ಪಾಠದ ಭಾಗ. ಇಲ್ಲದ್ದು ಇದ್ದಂತೆ, ಒಂದಿದ್ದದ್ದು ಎರಡಾದಂತೆ ತೋರುವ ಹುಸಿಚಿತ್ರಗಳನ್ನು ಗುರುತಿಸಲು ಶಬ್ದದ ನಡೆ ತಿಳಿದಿರಬೇಕು. ಅಲ್ಟ್ರಾಸೌಂಡ್‌ನಲ್ಲಿ ಎಕ್ಸ್‌ರೇಯಂಥ ವಿಕಿರಣವಿಲ್ಲ. ಆದರೂ ಶಬ್ದದ ಶಕ್ತಿ ಅಂಗಾಂಶವನ್ನು ಕೊಂಚ ಬಿಸಿ ಮಾಡಬಲ್ಲದು. ಆದ್ದರಿಂದ ಚಿತ್ರಕ್ಕೆ ಬೇಕಾದಷ್ಟೇ ಶಕ್ತಿ, ಬೇಕಾದಷ್ಟೇ ಹೊತ್ತು ಎಂಬ ನಿಯಮವನ್ನು, ಮುಖ್ಯವಾಗಿ ಗರ್ಭಿಣಿಯರ ಪರೀಕ್ಷೆಯಲ್ಲಿ, ಮೊದಲ ದಿನದಿಂದಲೇ ರೂಢಿಸುತ್ತಾರೆ.

ಲ್ಯಾಬಿನಿಂದ ಆಸ್ಪತ್ರೆಗೆ

ಕಾಲೇಜಿನ ಲ್ಯಾಬಿನಲ್ಲಿ ವಿದ್ಯಾರ್ಥಿಗಳು ಅಂಗಾಂಶದಂತೆ ವರ್ತಿಸುವ ಕೃತಕ ಮಾದರಿಗಳ ಮೇಲೆ, ಒಪ್ಪಿಗೆ ಕೊಟ್ಟ ಸಹಪಾಠಿಗಳ ಮೇಲೆ ಪ್ರೋಬ್ ಆಡಿಸಿ ಕಲಿಯುತ್ತಾರೆ. ಪರದೆಯ ಮೇಲೆ ಮೂಡುವುದು ಅಂಗದ ಒಂದು ತೆಳು ಸೀಳು ಮಾತ್ರ. ಸೌತೆಕಾಯಿಯನ್ನು ಉದ್ದಕ್ಕೆ ಹೆಚ್ಚಿದರೆ ಒಂದು ಆಕಾರ, ಅಡ್ಡಕ್ಕೆ ಹೆಚ್ಚಿದರೆ ಇನ್ನೊಂದು. ಹಾಗೆಯೇ ಒಂದೇ ರಕ್ತನಾಳ ಒಂದು ಕೋನದಲ್ಲಿ ಕೊಳವೆ, ಇನ್ನೊಂದರಲ್ಲಿ ದುಂಡು. ಈ ಸೀಳುಗಳನ್ನು ಮನಸ್ಸಿನಲ್ಲಿ ಜೋಡಿಸಿ ಇಡೀ ಅಂಗವನ್ನು ಕಾಣುವುದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಬಲಗೈ ಪ್ರೋಬನ್ನು ಜಾರಿಸುತ್ತ, ಓರೆ ಮಾಡುತ್ತ, ತಿರುಗಿಸುತ್ತ ಇದ್ದರೆ ಎಡಗೈ ಯಂತ್ರದ ಗುಂಡಿಗಳಲ್ಲಿ ಆಳ, ಹೊಳಪು, ಫೋಕಸ್ ಸರಿಮಾಡುತ್ತಿರಬೇಕು. ಕಣ್ಣು ಪರದೆ ಬಿಡುವಂತಿಲ್ಲ.

ಆಮೇಲೆ ಆಸ್ಪತ್ರೆಯ ಕಲಿಕೆ. ವಾರಕ್ಕೆ ಹಲವು ದಿನ, ಒಟ್ಟು ನೂರಾರು ಗಂಟೆ, ಎಷ್ಟೋ ಕಡೆ ಸಾವಿರಕ್ಕೂ ಹೆಚ್ಚು ಗಂಟೆ, ಅನುಭವಿ ಸೋನೋಗ್ರಾಫರ್ ಜೊತೆ ನಿಂತು ಕೆಲಸ. ಮೊದಲು ನೋಡುವುದು, ಆಮೇಲೆ ಒಂದೊಂದೇ ಅಂಗವನ್ನು ತಾನೇ ಸ್ಕ್ಯಾನ್ ಮಾಡುವುದು, ಕೊನೆಗೆ ಪೂರ್ತಿ ಪರೀಕ್ಷೆ. ಪ್ರತಿಯೊಂದು ಬಗೆಯ ಪರೀಕ್ಷೆಯಲ್ಲೂ ತಾನು ಸಮರ್ಥ ಎಂದು ಬೇರೆಬೇರೆಯಾಗಿ ತೋರಿಸಬೇಕು.

ಪಿತ್ತಕೋಶದ ಒಂದು ಪರೀಕ್ಷೆಯನ್ನೇ ನೋಡಬಹುದು. ರೋಗಿ ಆರರಿಂದ ಎಂಟು ಗಂಟೆ ಉಪವಾಸವಿದ್ದು ಬಂದಿರಬೇಕು. ಊಟ ಮಾಡಿದ್ದರೆ ಪಿತ್ತಕೋಶ ಮುದುಡಿರುತ್ತದೆ. ರೋಗಿಯನ್ನು ಅಂಗಾತ ಮಲಗಿಸಿ, ದೀರ್ಘವಾಗಿ ಉಸಿರು ಎಳೆದು ಹಿಡಿಯಲು ಹೇಳಿದರೆ ಯಕೃತ್ತು ಪಕ್ಕೆಲುಬಿನಿಂದ ಕೆಳಗಿಳಿದು ಪಿತ್ತಕೋಶ ಕಾಣಿಸುತ್ತದೆ. ಒಳಗೆ ಬೆಳ್ಳಗೆ ಹೊಳೆಯುವ ಚುಕ್ಕೆ, ಅದರ ಕೆಳಗೆ ಕಪ್ಪು ನೆರಳು ಕಂಡರೆ ಅದು ಕಲ್ಲಿರಬಹುದು, ಏಕೆಂದರೆ ಕಲ್ಲು ಶಬ್ದವನ್ನು ಮುಂದೆ ಬಿಡುವುದಿಲ್ಲ. ಅಷ್ಟಕ್ಕೇ ನಿಲ್ಲುವಂತಿಲ್ಲ. ರೋಗಿಯನ್ನು ಎಡಮಗ್ಗುಲಿಗೆ ಹೊರಳಿಸಬೇಕು. ಕಲ್ಲಾದರೆ ಉರುಳಿ ತಳಕ್ಕೆ ಸರಿಯುತ್ತದೆ. ಗೋಡೆಗೆ ಅಂಟಿದ ಪಾಲಿಪ್ ಆದರೆ ಕದಲುವುದಿಲ್ಲ. ಕಲ್ಲು ಕತ್ತಿನಲ್ಲಿ ಸಿಕ್ಕಿಕೊಂಡಿದೆಯೇ, ಗೋಡೆ ದಪ್ಪಗಾಗಿದೆಯೇ, ಪಿತ್ತನಾಳ ಹಿಗ್ಗಿದೆಯೇ ಎಂದು ಅಳೆಯಬೇಕು. ಪ್ರೋಬನ್ನು ಸರಿಯಾಗಿ ಪಿತ್ತಕೋಶದ ಮೇಲೆ ಒತ್ತಿದಾಗ ಎಲ್ಲಕ್ಕಿಂತ ಹೆಚ್ಚು ನೋವಾಗುತ್ತದೆಯೇ ಎಂದು ಕೇಳಬೇಕು. ಹೌದೆಂದರೆ ಅದು ಉರಿಯೂತದ ಸೂಚನೆ. ಕಾಲಿನ ರಕ್ತನಾಳದಲ್ಲಿ ಹೆಪ್ಪು ಹುಡುಕುವಾಗಲೂ ಒತ್ತಡದ್ದೇ ಕೆಲಸ: ಆರೋಗ್ಯವಾಗಿರುವ ಅಭಿಧಮನಿ ಪ್ರೋಬಿನ ಒತ್ತಡಕ್ಕೆ ಪೂರ್ತಿ ಮುಚ್ಚಿಕೊಳ್ಳುತ್ತದೆ, ಹೆಪ್ಪು ತುಂಬಿದ್ದು ಮುಚ್ಚಿಕೊಳ್ಳುವುದಿಲ್ಲ.

ರೋಗಿಯೊಂದಿಗಿನ ನಡವಳಿಕೆಯೂ ಇಲ್ಲೇ ಕಲಿಯಬೇಕಾದ್ದು. ಗರ್ಭಿಣಿಯ ಪರೀಕ್ಷೆಯಲ್ಲಿ ಮಗುವಿನ ಹೃದಯ ಬಡಿಯದೆ ಇರುವುದನ್ನು ಎಲ್ಲರಿಗಿಂತ ಮೊದಲು ಕಾಣುವವರು ಸೋನೋಗ್ರಾಫರ್. ಅಮೆರಿಕದ ಪದ್ಧತಿಯಲ್ಲಿ ರೋಗದ ನಿರ್ಣಯ ಹೇಳುವುದು ಇವರ ಅಧಿಕಾರವಲ್ಲ. ಕಂಡದ್ದನ್ನು ದಾಖಲಿಸಿ, ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಆ ತನಕ ರೋಗಿಗೆ ಸುಳ್ಳು ಭರವಸೆ ಕೊಡದೆ, ಗಾಬರಿಯನ್ನೂ ಹುಟ್ಟಿಸದೆ ಪಕ್ಕದಲ್ಲಿರಬೇಕು. ದೇಹದ ಖಾಸಗಿ ಭಾಗಗಳ ಪರೀಕ್ಷೆಗೆ ಮುಂಚೆ ವಿವರಿಸಿ ಒಪ್ಪಿಗೆ ಪಡೆಯುವುದು, ಬಟ್ಟೆ ಹೊದಿಸಿ ಮರ್ಯಾದೆ ಕಾಯುವುದು ತರಬೇತಿಯ ಕಡ್ಡಾಯ ಪಾಠಗಳು.

ಪರೀಕ್ಷೆ ಮತ್ತು ಆಮೇಲೆ

ಎಆರ್‌ಡಿಎಂಎಸ್ ಅರ್ಹತೆಗೆ ಎರಡು ಪರೀಕ್ಷೆಗಳು. ಒಂದು ಶಬ್ದದ ಭೌತಶಾಸ್ತ್ರ ಮತ್ತು ಯಂತ್ರದ ಬಗ್ಗೆ, ಎಸ್‌ಪಿಐ ಎಂದು ಹೆಸರು. ಇನ್ನೊಂದು ಆಯ್ದುಕೊಂಡ ವಿಭಾಗದ ಬಗ್ಗೆ. ಅಂಕ 300ರಿಂದ 700ರ ಅಳತೆಯಲ್ಲಿ; 555 ಬಂದರೆ ಪಾಸು. ಎರಡನ್ನೂ ಐದು ವರ್ಷದೊಳಗೆ ಮುಗಿಸಬೇಕು. ಹೊಟ್ಟೆ, ಪ್ರಸೂತಿ, ಸ್ತನ ಮುಂತಾದ ವಿಭಾಗದವರಿಗೆ ಆರ್‌ಡಿಎಂಎಸ್, ಹೃದಯ ವಿಭಾಗದವರಿಗೆ ಆರ್‌ಡಿಸಿಎಸ್, ರಕ್ತನಾಳ ವಿಭಾಗದವರಿಗೆ ಆರ್‌ವಿಟಿ ಎಂಬ ಅರ್ಹತೆ ಸಿಗುತ್ತದೆ. ಆಮೇಲೆಯೂ ಮೂರು ವರ್ಷಕ್ಕೊಮ್ಮೆ 30 ಕ್ರೆಡಿಟ್‌ಗಳಷ್ಟು ಮುಂದುವರಿದ ಕಲಿಕೆಯ ಲೆಕ್ಕ ತೋರಿಸಬೇಕು. ಕಾನೂನಿನ ಪ್ರಕಾರ ಲೈಸೆನ್ಸ್ ಕೇಳುವ ರಾಜ್ಯಗಳು ಆರೆಗನ್, ನ್ಯೂ ಮೆಕ್ಸಿಕೋದಂಥ ಕೆಲವೇ. ಆದರೆ ಅರ್ಹತೆ ಇಲ್ಲದವರಿಗೆ ಕೆಲಸ ಕೊಡುವ ಆಸ್ಪತ್ರೆ ಅಪರೂಪ.

ಕೆಲಸದ ಬೆಲೆಯನ್ನು ಮೈ ತೆರುತ್ತದೆ. ತೋಳು ಚಾಚಿ, ಮಣಿಕಟ್ಟು ತಿರುಚಿ, ಪ್ರೋಬ್ ಒತ್ತಿ ಹಿಡಿದು ದಿನವಿಡೀ ಕೆಲಸ ಮಾಡುವುದರಿಂದ ಭುಜ, ಕತ್ತು, ಮಣಿಕಟ್ಟಿನ ನೋವು ಈ ವೃತ್ತಿಗೆ ಅಂಟಿಕೊಂಡಿದೆ. ವೃತ್ತಿಯವರ ಸಮೀಕ್ಷೆಗಳಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ನೋವಿನಲ್ಲೇ ಕೆಲಸ ಮಾಡುತ್ತಿರುವುದಾಗಿ ಹೇಳಿದ್ದಾರೆ. ಆದ್ದರಿಂದ ಮಂಚದ ಎತ್ತರ ಸರಿಮಾಡಿಕೊಳ್ಳುವುದು, ರೋಗಿಯನ್ನು ತನ್ನ ಕಡೆಗೆ ಸರಿಸಿಕೊಳ್ಳುವುದು, ತೋಳಿಗೆ ಆಸರೆ ಕೊಡುವುದು ಒಳ್ಳೆಯ ಕೋರ್ಸ್‌ಗಳಲ್ಲಿ ಮೊದಲ ವಾರದ ಪಾಠ.

ಬೇರೆ ದೇಶ, ನಮ್ಮ ನಾಡು

ಬ್ರಿಟನ್‌ನಲ್ಲಿ ಹೆಚ್ಚಿನವರು ರೇಡಿಯಾಗ್ರಫಿ ಓದಿ ಬಂದು ಸ್ನಾತಕೋತ್ತರ ಕೋರ್ಸಿನ ಮೂಲಕ ಸೋನೋಗ್ರಾಫರ್ ಆಗುತ್ತಾರೆ. ಅಲ್ಲಿ ಅವರು ವರದಿಯನ್ನು ತಾವೇ ಬರೆಯುವುದು ರೂಢಿ. ಭಾರತದ ವ್ಯವಸ್ಥೆಯೇ ಬೇರೆ. ಇಲ್ಲಿ ಪ್ರೋಬ್ ಇರುವುದು ವೈದ್ಯರ ಕೈಯಲ್ಲಿ. ಹೆಣ್ಣುಭ್ರೂಣ ಹತ್ಯೆ ತಡೆಯಲು 1994ರಲ್ಲಿ ಬಂದು 2003ರಲ್ಲಿ ಬಿಗಿಯಾದ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಪ್ರತಿ ಸ್ಕ್ಯಾನಿಂಗ್ ಕೇಂದ್ರವೂ ನೋಂದಣಿಯಾಗಬೇಕು, ಗರ್ಭಿಣಿಯ ಪ್ರತಿ ಸ್ಕ್ಯಾನಿಂಗ್‌ಗೂ ಎಫ್ ನಮೂನೆ ಭರ್ತಿಯಾಗಬೇಕು. ಎಂ.ಬಿ.ಬಿ.ಎಸ್. ವೈದ್ಯರಿಗೂ ಆರು ತಿಂಗಳ ನಿಗದಿತ ತರಬೇತಿಯನ್ನು 2014ರ ನಿಯಮಗಳು ವಿಧಿಸಿವೆ. ಅಮೆರಿಕದಲ್ಲಿ ಗಂಡೋ ಹೆಣ್ಣೋ ಎಂದು ತಾಯಿಗೆ ಹೇಳುವುದು ದಿನನಿತ್ಯದ ಮಾತು. ಇಲ್ಲಿ ಅದನ್ನು ಹೇಳಿದರೆ ಮೊದಲ ಅಪರಾಧಕ್ಕೇ ಮೂರು ವರ್ಷದವರೆಗೆ ಜೈಲು.

ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿಯ ಕಾಲೇಜುಗಳಲ್ಲಿ, ಮಣಿಪಾಲದಲ್ಲಿ ಮೆಡಿಕಲ್ ಇಮೇಜಿಂಗ್ ಪದವಿಗಳಿವೆ. ಅವುಗಳಲ್ಲಿ ಅಲ್ಟ್ರಾಸೌಂಡಿನ ತತ್ವ ಕಲಿಸಿದರೂ, ಓದಿದವರ ಕೆಲಸ ಮುಖ್ಯವಾಗಿ ಎಕ್ಸ್‌ರೇ, ಸಿ.ಟಿ., ಎಂ.ಆರ್.ಐ. ವಿಭಾಗಗಳಲ್ಲಿ. ಈ ಪದವಿ ಹಿಡಿದು ಅಮೆರಿಕಕ್ಕೆ ಹೋಗುವವರಿಗೆ ಒಂದು ತೊಡಕಿದೆ. ಪದವೀಧರರು 12 ತಿಂಗಳ ಪೂರ್ಣಾವಧಿ ಅಲ್ಟ್ರಾಸೌಂಡ್ ಅನುಭವದ ಆಧಾರದ ಮೇಲೆ ಪರೀಕ್ಷೆಗೆ ಕೂರುವ ದಾರಿ ಅಲ್ಲಿ ಉಂಟು. ಆದರೆ ರೋಗಿಯನ್ನು ತಾವೇ ಸ್ಕ್ಯಾನ್ ಮಾಡಿದ ಅಂಥ ಅನುಭವ ಇಲ್ಲಿನ ತಂತ್ರಜ್ಞರಿಗೆ ದಕ್ಕುವುದು ಕಷ್ಟ. ಅವರ ಪಾಲಿಗೆ ನಂಬಬಹುದಾದ ದಾರಿ ಎಂದರೆ, ಓದಿದ ಅಂಗರಚನೆ ಮತ್ತು ಭೌತಶಾಸ್ತ್ರವನ್ನು ಬಂಡವಾಳ ಮಾಡಿಕೊಂಡು ಅಲ್ಲಿನ ಮಾನ್ಯತೆ ಪಡೆದ ಕೋರ್ಸಿಗೆ ಸೇರಿ, ಆಸ್ಪತ್ರೆಯ ಗಂಟೆಗಳನ್ನು ಪೂರ್ತಿಯಾಗಿ ಮುಗಿಸಿ ಪರೀಕ್ಷೆ ಬರೆಯುವುದು.