ಮೀನುಗಳ ಗೃಹಪ್ರವೇಶ

ಮನುವಿನ ಕೈತೊಳೆಯುವ ನೀರಿನಲ್ಲಿ ಒಂದು ಕಿರುಮೀನು ದೊರೆತುದೆಂಬ ಶತಪಥಬ್ರಾಹ್ಮಣದ ಕಥೆಯು ವಾಚಕರಲ್ಲಿ ಅನೇಕರಿಗೆ ತಿಳಿದಿರುವುದು. ತನ್ನನ್ನು ಮೊದಲು ಕುಂಭದಲ್ಲಿಯೂ, ಅದು ಸಾಲದಾದಾಗ ಗುಂಡಿಯನ್ನು ತೋಡಿ ಅದರಲ್ಲಿಯೂ, ಕಡೆಗೆ ಸಮುದ್ರದಲ್ಲಿಯೂ ಇರಿಸಬೇಕೆಂದು ಆ ಮೀನು ತಾನೇ ಮನುವಿಗೆ ಹೇಳಿತು. ಮನುವು ಹಾಗೆಯೇ ನಡೆದನು. ಮೀನೂ ಬದುಕಿತು, ಮನುವೂ ಬದುಕಿದನು. ನಮ್ಮ ಮನೆಗಳ ಗಾಜಿನ ತೊಟ್ಟಿಗಳಲ್ಲಿರುವ ಮೀನುಗಳಿಗೆ ಅಂತಹ ವಾಕ್ಶಕ್ತಿಯಿಲ್ಲ. ಅವುಗಳನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸಾಗಿಸುವಾಗ ಅವುಗಳ ಪರವಾಗಿ ನಾವೇ ಆಲೋಚಿಸಬೇಕು. ಹಾಗೆ ಆಲೋಚಿಸದೆ ಕೆಟ್ಟವರಲ್ಲಿ ಈ ಲೇಖಕನೂ ಒಬ್ಬನು.

ನನ್ನ ಮೊಮ್ಮಗಳು ಎರಡು ವರ್ಷ ಅಕ್ಕರೆಯಿಂದ ಸಾಕಿದ್ದ ಗಪ್ಪಿ, ಪ್ಲಾಟಿ ಮತ್ತು ಜೀಬ್ರಾ ಮೀನುಗಳಿಗೆ ಹಳೆಯ ತೊಟ್ಟಿಯು ಇಕ್ಕಟ್ಟಾಗಲು, ನೂರು ಲೀಟರು ಹಿಡಿಯುವ ಹೊಸ ತೊಟ್ಟಿಯೊಂದನ್ನು ತಂದೆವು. ಶೌಚದಲ್ಲಿ ನನಗೆ ಅಭಿಮಾನ ಹೆಚ್ಚು. ಹಳೆಯ ಮರಳನ್ನೂ ಫಿಲ್ಟರಿನ ಸ್ಪಂಜನ್ನೂ ನಲ್ಲಿಯ ಕೆಳಗೆ ಹಿಡಿದು, ಕೊಳೆಯೆಲ್ಲ ಹೋಗುವವರೆಗೆ ತಿಕ್ಕಿ ತೊಳೆದು, ಹೊಸ ನೀರನ್ನು ತುಂಬಿ, ಅಂದೇ ಮೀನುಗಳನ್ನು ಬಿಟ್ಟೆನು. ನೀರು ಸ್ಫಟಿಕದಂತಿದ್ದಿತು. ಒಂದು ವಾರದೊಳಗೆ ಹದಿನಾರು ಮೀನುಗಳಲ್ಲಿ ಹನ್ನೊಂದು ಸತ್ತುವು. "ತಾತಾ, ನೀರು ಅಷ್ಟು ಚೊಕ್ಕಟವಾಗಿತ್ತಲ್ಲ, ಮತ್ತೆ ಯಾಕೆ ಸತ್ತುಹೋದವು?" ಎಂದು ಮಗು ಕೇಳಿದಳು. ಜೀವಮಾನವೆಲ್ಲ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿದ ನನ್ನಲ್ಲಿ ಅಂದು ಉತ್ತರವಿರಲಿಲ್ಲ. ಆ ಉತ್ತರವನ್ನು ಹುಡುಕಿ ತಿಳಿದುದೇ ಈ ಲೇಖನಕ್ಕೆ ಕಾರಣ.

ಕಣ್ಣಿಗೆ ನಿರ್ಮಲವಾದ ನೀರೆಲ್ಲವೂ ಮೀನಿಗೆ ಹಿತವಾದ ನೀರಲ್ಲ. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವೆಂಬ ವಿಷವನ್ನು ಸದಾ ಹೊರಗೆ ಬಿಡುತ್ತಿರುವುದು. ತಿಂದು ಉಳಿದ ಆಹಾರವೂ ಮಲವೂ ಕೊಳೆತಾಗ ಅದೇ ವಿಷವು ಹುಟ್ಟುವುದು. ಹಳೆಯ ತೊಟ್ಟಿಯಲ್ಲಿ ಮರಳು, ಕಲ್ಲು ಮತ್ತು ಸ್ಪಂಜುಗಳನ್ನು ಆಶ್ರಯಿಸಿದ ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೈಟನ್ನಾಗಿ ಮಾರ್ಪಡಿಸುವುವು. ನೈಟ್ರೈಟೂ ವಿಷವೇ, ಅದು ಮೀನಿನ ರಕ್ತವು ಪ್ರಾಣವಾಯುವನ್ನು ಹೊರುವ ಶಕ್ತಿಯನ್ನು ಕುಂದಿಸುವುದು. ಬೇರೆ ಸೂಕ್ಷ್ಮಜೀವಿಗಳು ಅದನ್ನು ಬಹುಮಟ್ಟಿಗೆ ನಿರಪಾಯಕರವಾದ ನೈಟ್ರೇಟನ್ನಾಗಿ ಮಾಡುವುವು. ಸಸ್ಯಗಳು ಅದನ್ನು ಹೀರಿಕೊಳ್ಳುವುವು. ಮಿಕ್ಕುದು ನೀರು ಬದಲಿಸುವಾಗ ಹೋಗುವುದು. ನಾನು ಕೊಳೆಯೆಂದು ತಿಕ್ಕಿ ತೊಳೆದುದು ಈ ಉಪಕಾರಿಗಳ ಸಂಸಾರವನ್ನೇ! ನಲ್ಲಿಯ ನೀರಿನ ಕ್ಲೋರಿನ್ ಉಳಿದ ಕೆಲಸವನ್ನು ಪೂರೈಸಿತು.

ಈ ಜ್ಞಾನವು ಕ್ರಮಕ್ರಮವಾಗಿ ಬಂದುದು. 1850ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎಂಬವನು ಗಾಜಿನ ಪಾತ್ರೆಯೊಂದರಲ್ಲಿ ಚಿನ್ನದ ಮೀನುಗಳನ್ನೂ ಜಲಸಸ್ಯವನ್ನೂ ಬಸವನಹುಳುಗಳನ್ನೂ ಜೊತೆಗಿರಿಸಿ, ಅವು ಒಂದನ್ನೊಂದು ಪೋಷಿಸುವುದನ್ನು ತೋರಿಸಿದನು. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯವು ತೆರೆಯಿತು. ಆದರೆ ಅಮೋನಿಯವನ್ನು ಮಾರ್ಪಡಿಸುವ ಸೂಕ್ಷ್ಮಜೀವಿಗಳನ್ನು ರಷ್ಯಾದ ವಿಜ್ಞಾನಿ ವಿನೋಗ್ರಾಡ್ಸ್ಕಿಯು ಬೇರ್ಪಡಿಸಿ ತೋರಿಸಿದುದು 1890ರ ಸುಮಾರಿಗೆ.

ಇನ್ನು ಕ್ರಮವನ್ನು ಹೇಳುವೆನು. ಮೊದಲನೆಯದಾಗಿ ಸ್ಥಳ. ನೂರು ಲೀಟರು ನೀರೆಂದರೆ ನೂರು ಕಿಲೋ ತೂಕ. ಅದರ ಮೇಲೆ ಗಾಜು ಮತ್ತು ಮರಳಿನ ಭಾರ. ಆದಕಾರಣ ಮಟ್ಟಸವಾದ ಗಟ್ಟಿ ಪೀಠವು ಬೇಕು. ಬಿಸಿಲು ನೇರವಾಗಿ ಬೀಳತಕ್ಕ ಕಿಟಕಿಯ ಬಳಿ ಇಡಬಾರದು. ತೊಟ್ಟಿಯನ್ನು ಸಾಬೂನಿನಿಂದ ಎಂದಿಗೂ ತೊಳೆಯಕೂಡದು.

ಎರಡನೆಯದಾಗಿ ನೀರು. ಕೊಳಾಯಿಯ ನೀರನ್ನು ತೆರೆದ ಪಾತ್ರೆಯಲ್ಲಿ ಒಂದು ದಿನ ಇಟ್ಟರೆ ಕ್ಲೋರಿನ್ ಬಹುಮಟ್ಟಿಗೆ ಹಾರಿಹೋಗುವುದು. ಆದರೆ ಕ್ಲೋರಮೈನ್ ಬೆರೆತಿದ್ದರೆ ಹಾಗೆ ಹೋಗದು. ಅದಕ್ಕೆಂದೇ ಅಂಗಡಿಯಲ್ಲಿ ಮಾರುವ ಔಷಧವನ್ನು ಹೇಳಿದ ಪ್ರಮಾಣದಲ್ಲಿ ಹಾಕತಕ್ಕದ್ದು. ಕೊಳವೆಬಾವಿಯ ನೀರಿನಲ್ಲಿ ಸಾಮಾನ್ಯವಾಗಿ ಕ್ಲೋರಿನ್ ಇರದು. ಆದರೆ ಗಡಸುತನ ಹೆಚ್ಚಾಗಿರಬಹುದು. ಉಷ್ಣದೇಶದ ಬಹುಪಾಲು ಮೀನುಗಳಿಗೆ 24ರಿಂದ 28 ಡಿಗ್ರಿ ಸೆಂಟಿಗ್ರೇಡಿನ ಬೆಚ್ಚಗಿನ ನೀರು ಹಿತ. ಮಾಗಿಯ ಇರುಳುಗಳಲ್ಲಿ ನಮ್ಮ ನಾಡಿನಲ್ಲಿಯೂ ನೀರು ಇದಕ್ಕಿಂತ ತಣ್ಣಗಾಗುವುದುಂಟು. ಆಗ ಹೀಟರು ಬೇಕು.

ಮೂರನೆಯದು ತಾಳ್ಮೆ. ಏನೂ ಇಲ್ಲದ ಹೊಸ ತೊಟ್ಟಿಯಲ್ಲಿ ಮೇಲೆ ಹೇಳಿದ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಹಿಡಿಯುವುವು. ಆ ಕಾಲದಲ್ಲಿ ಅವುಗಳಿಗೆ ಆಹಾರವಾಗಿ ಸ್ವಲ್ಪ ಅಮೋನಿಯವು ಒದಗುತ್ತಿರಬೇಕು. ಮೀನಿಲ್ಲದ ತೊಟ್ಟಿಗೆ ಚಿಟಿಕೆ ಮೀನಾಹಾರವನ್ನು ಹಾಕುತ್ತಿದ್ದರೆ ಅದು ಕೊಳೆತು ಅಮೋನಿಯವಾಗುವುದು. ಹಳೆಯ ತೊಟ್ಟಿಯುಳ್ಳವರಿಗೆ ಹತ್ತಿರದ ಮಾರ್ಗವುಂಟು. ಹೆಪ್ಪಿಲ್ಲದೆ ಹಾಲು ಮೊಸರಾಗದು. ಹಳೆಯ ಸ್ಪಂಜೇ ಹೊಸ ನೀರಿಗೆ ಹೆಪ್ಪು. ಅದನ್ನು ಒಣಗಗೊಡದೆ, ಹಳೆಯ ತೊಟ್ಟಿಯ ನೀರಿನಲ್ಲಿಯೇ ಮೆಲ್ಲಗೆ ಜಾಲಿಸಿ, ಹೊಸ ಫಿಲ್ಟರಿಗೆ ಸೇರಿಸಬೇಕು. ಬರಿಯ ಹಳೆಯ ನೀರನ್ನು ತುಂಬಿದರೆ ಸಾಲದು; ಆ ಜೀವಿಗಳು ನೀರಿಗಿಂತ ಹೆಚ್ಚಾಗಿ ವಸ್ತುಗಳ ಮೈಯಲ್ಲಿ ವಾಸಿಸುವುವು. ಪರೀಕ್ಷಾದ್ರವದಿಂದ ನೋಡಿದಾಗ ಅಮೋನಿಯವೂ ನೈಟ್ರೈಟೂ ಸೊನ್ನೆಯೆಂದು ಕಂಡ ಮೇಲೆಯೇ ಗೃಹಪ್ರವೇಶದ ಮುಹೂರ್ತ.

ಸಾಗಿಸುವ ಹಿಂದಿನ ದಿನ ಮೀನುಗಳಿಗೆ ಉಪವಾಸವಿರಲಿ. ಆರೋಗ್ಯವಾದ ಮೀನಿಗೆ ಅದರಿಂದ ಬಾಧೆಯಿಲ್ಲ, ನೀರು ಕಡಮೆ ಕೆಡುವುದು. ದೀಪವನ್ನು ಆರಿಸಿ, ಹಳೆಯ ನೀರಿರುವ ಚೀಲದಲ್ಲಿ ಮೀನುಗಳನ್ನಿಟ್ಟು, ಬಾಯಿ ಕಟ್ಟಿ, ಹೊಸ ತೊಟ್ಟಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ತೇಲಿಬಿಡಬೇಕು. ನೀರಿನ ಬಿಸಿಯು ಸಮವಾದ ಬಳಿಕ ಚೀಲವನ್ನು ಬಿಚ್ಚಿ, ಐದೈದು ನಿಮಿಷಕ್ಕೊಮ್ಮೆ ಹೊಸ ನೀರನ್ನು ಒಂದೊಂದು ಲೋಟದಂತೆ ಅದರೊಳಗೆ ಬೆರೆಸುತ್ತ, ಕಡೆಗೆ ಮೀನುಗಳನ್ನು ಮಾತ್ರ ಮೆತ್ತನೆಯ ಜಾಲರಿಯಿಂದ ಎತ್ತಿ ಬಿಡಬೇಕು. ಚೀಲದ ನೀರನ್ನು ತೊಟ್ಟಿಗೆ ಸುರಿಯಬಾರದು.

ಇಲ್ಲಿ ಒಂದು ಸೂಕ್ಷ್ಮವುಂಟು. ದೂರದ ಊರಿನಿಂದ ಬಹಳ ಹೊತ್ತು ಚೀಲದಲ್ಲಿ ಬಂದ ಮೀನಿಗೆ ನಿಧಾನವೇ ಮುಳುವಾಗಬಹುದು. ಮುಚ್ಚಿದ ಚೀಲದಲ್ಲಿ ಅಮೋನಿಯವು ಸೇರಿದ್ದರೂ, ಮೀನು ಬಿಟ್ಟ ಇಂಗಾಲದ ಡೈಆಕ್ಸೈಡಿನಿಂದ ನೀರು ಹುಳಿಯಾಗಿ, ಆ ವಿಷದ ತೀಕ್ಷ್ಣತೆಯು ಅಡಗಿರುವುದು. ಚೀಲವನ್ನು ಬಿಚ್ಚಿದೊಡನೆ ಆ ಅನಿಲವು ಹೊರಬಿದ್ದು, ನೀರಿನ ಹುಳಿಯು ಇಳಿದು, ವಿಷವು ಮತ್ತೆ ತೀಕ್ಷ್ಣವಾಗುವುದು. ಆದುದರಿಂದ ಅಂತಹ ಮೀನುಗಳನ್ನು ಬಿಸಿಯು ಸಮವಾದ ಕೂಡಲೆ ಬಿಚ್ಚಿದ ಚೀಲದಲ್ಲಿ ತಡಮಾಡದೆ ಶುದ್ಧೋದಕಕ್ಕೆ ಸೇರಿಸುವುದು ಮೇಲು. ಅಂಗಡಿಯಿಂದ ತಂದವುಗಳನ್ನು ಎರಡರಿಂದ ನಾಲ್ಕು ವಾರ ಬೇರೆ ಪಾತ್ರೆಯಲ್ಲಿರಿಸಿ ನೋಡಬೇಕು. ಮೈಮೇಲೆ ಉಪ್ಪಿನ ಹರಳಿನಂತಹ ಬಿಳಿಯ ಚುಕ್ಕೆಗಳೆದ್ದರೆ ಅದು ಅಂಟುರೋಗವೆಂದು ತಿಳಿಯತಕ್ಕದ್ದು.

ಪ್ರವೇಶದ ದಿನ ಆಹಾರ ಬೇಡ. ಮರುದಿನದಿಂದ ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಸಾಕು. ವಾರಕ್ಕೊಮ್ಮೆ ಕಾಲುಪಾಲು ನೀರನ್ನು ಬದಲಿಸಬೇಕು. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ತೆರೆದು ಉಸಿರೆಳೆಯುತ್ತಿದ್ದರೆ, ಕ್ಲೋರಿನ್ ತೆಗೆದ ನೀರನ್ನು ಒಡನೆಯೇ ಬದಲಿಸಿ, ವಾಯುವನ್ನು ಊಡತಕ್ಕದ್ದು. ಬೇಡವಾದ ಮೀನುಗಳನ್ನು ಕೆರೆಹೊಳೆಗಳಿಗೆ ಬಿಡುವುದು ದಯೆಯಲ್ಲ. ದಕ್ಷಿಣ ಅಮೆರಿಕದ, ಗಾಜಿಗೆ ಬಾಯಂಟಿಸಿಕೊಳ್ಳುವ ಚಿಪ್ಪುಮೈಯ ಮೀನು ಹೀಗೆಯೇ ನಮ್ಮ ದೇಶದ ನೀರುಗಳಲ್ಲಿ ಹಬ್ಬಿ ಸ್ಥಳೀಯ ಮೀನುಗಳಿಗೆ ಕಂಟಕವಾಗಿರುವುದು.

ಅಂದು ಬದುಕಿದ ಐದು ಮೀನುಗಳನ್ನು ದಿನದಿನವೂ ನೀರು ಬದಲಿಸಿ ಉಳಿಸಿಕೊಂಡೆವು. ಮುಂದೆ ಅವುಗಳ ಸಂತತಿಯನ್ನು ಇನ್ನೊಂದು ತೊಟ್ಟಿಗೆ ಸಾಗಿಸುವ ಸಂದರ್ಭ ಬಂದಾಗ, ನಾನು ಅಭ್ಯಾಸಬಲದಿಂದ ಸ್ಪಂಜನ್ನು ಹಿಡಿದು ನಲ್ಲಿಯ ಕಡೆಗೆ ಹೊರಟೆನು. ಮೊಮ್ಮಗಳು ನನ್ನ ಕೈಯನ್ನು ಹಿಡಿದು ನಿಲ್ಲಿಸಿದಳು. ಆ ಸಲ ಒಂದು ಮೀನೂ ಸಾಯಲಿಲ್ಲ.